ಪಾರ್ಕಿನ್ಸನ್ ಬೇನೆಯೊಂದಿಗೆ ಗೆಲುವಾಗಿ ಬಾಳುವುದು: ‘ಧೈರ್ಯವಾಗಿರಿ’ ಎಂದರೆ ಸಾಕೇ?

ನಿವೃತ್ತ ಮುಖ್ಯೋಪಾಧ್ಯಾಯ, ಕಲಬುರಗಿ

ಎಲ್ಲರಿಗೂ ಶರಣು. ನನಗೆ ಪಾರ್ಕಿನ್ಸನ್ ಬೇನೆ ಇದೆಯೆಂದು ಗೊತ್ತಾದ ಮೇಲೆ ಮನೆಗೆ ಬಂದು ಹೋಗುವವರೆಲ್ಲರೂ ಒಂದೇ ಉಪದೇಶ ಮಾಡುತ್ತಾರೆ: ಧೈರ್ಯವಾಗಿರಿ, ಮನಸ್ಸು ಗಟ್ಟಿ ಮಾಡಿಕೊಳ್ಳಿ, ನಗುನಗುತ್ತಾ ಇರಿ, ಬೇನೆ ತಾನಾಗಿಯೇ ಹಿಂದೆ ಸರಿಯುತ್ತದೆ. ಹೇಳುವವರ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಇದು ಹಿಂದೆ ಸರಿಯುವ ಜಾತಿಯ ಬೇನೆಯಲ್ಲ. ವರ್ಷ ಕಳೆದಂತೆ ನಿಧಾನವಾಗಿ ಮುಂದುವರಿಯುವುದೇ ಇದರ ಸ್ವಭಾವ. ಅದನ್ನು ಒಪ್ಪಿಕೊಂಡೂ ಗೆಲುವಾಗಿರಲು ಸಾಧ್ಯವೇ, ಸಾಧ್ಯವಿದ್ದರೆ ಯಾವುದರ ಬಲದಿಂದ ಎಂಬುದನ್ನು ನಮ್ಮ ಭಾಗದವರೇ ಕೂಡಿ ಚರ್ಚಿಸಲಿ ಎಂದು ಈ ವಿಷಯವನ್ನು ಎತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬೇನೆಯಲ್ಲಿ ಮನಸ್ಸಿನ ಗೆಲುವು ಎದೆಗಾರಿಕೆಗಿಂತ ಹೆಚ್ಚಾಗಿ ಗುಳಿಗೆ, ಊಟ, ನಡಿಗೆ, ವಿಶ್ರಾಂತಿಗಳ ಸರಿಯಾದ ಹೊಂದಾಣಿಕೆಯಿಂದ ಬರುತ್ತದೆ. ಮಿದುಳಿನ ಆಳದಲ್ಲಿರುವ ಸಬ್‌ಸ್ಟ್ಯಾನ್ಶಿಯಾ ನೈಗ್ರಾ ಎಂಬ ಚಿಕ್ಕ ಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಕ್ರಮೇಣ ನಶಿಸುತ್ತಾ ಹೋಗುತ್ತವೆಯೆಂದೂ, ಕೈನಡುಕ ಹೊರಗೆ ಕಾಣಿಸುವ ಹೊತ್ತಿಗೆ ಅವುಗಳಲ್ಲಿ ದೊಡ್ಡ ಪಾಲು ಹೋಗಿಯೇ ಇರುತ್ತದೆಂದೂ ವೈದ್ಯರು ವಿವರಿಸುತ್ತಾರೆ. ಕೈಕಾಲು ಆಡಿಸುವುದಕ್ಕೆ ಬೇಕಾದ ಆ ಡೋಪಮಿನ್ ಮುಂಜಾನೆ ಎದ್ದು ಏನಾದರೂ ಮಾಡೋಣವೆನ್ನುವ ಹುರುಪಿಗೂ ಬೇಕು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಆರು ಜನ ರೋಗಿಗಳನ್ನು, ಅವರಲ್ಲಿ ಕೆಲವರನ್ನು ಬೀದಿಯಲ್ಲಿ ಮಾತ್ರ ಕಂಡು, ಈ ಬೇನೆಯನ್ನು ವಿವರಿಸಿ ಬರೆದಾಗ ಇಂದ್ರಿಯಗಳಿಗೂ ಬುದ್ಧಿಗೂ ಇದರಿಂದ ಧಕ್ಕೆಯಿಲ್ಲ ಎಂದಿದ್ದರು. ವೈದ್ಯಶಾಸ್ತ್ರ ಆ ಮಾತನ್ನು ಎಂದೋ ತಿದ್ದಿಕೊಂಡಿದೆ, ನಮ್ಮ ಮನೆಗಳು ಇನ್ನೂ ತಿದ್ದಿಕೊಂಡಿಲ್ಲ. ಖಿನ್ನತೆ, ಆತಂಕ, ಯಾವುದರಲ್ಲೂ ಆಸಕ್ತಿ ಹುಟ್ಟದಿರುವುದು, ಇವೆಲ್ಲವೂ ಕೈನಡುಕದಂತೆಯೇ ಬೇನೆಯ ಲಕ್ಷಣಗಳು. ಇವುಗಳಿಗೂ ಚಿಕಿತ್ಸೆ ಇದೆ. ಹೀಗಿರುವಾಗ ಖಿನ್ನನಾದವನಿಗೆ ‘ಮನಸ್ಸು ಗಟ್ಟಿ ಮಾಡಿಕೋ’ ಎನ್ನುವುದರಿಂದ ಅವನ ತಲೆಯ ಮೇಲೆ ಇನ್ನೊಂದು ಹೊರೆ ಏರಿಸಿದಂತಾಗುತ್ತದೆ: ಬೇನೆಯೂ ತನ್ನದೇ, ಬೇನೆ ಕಡಿಮೆಯಾಗದ ತಪ್ಪೂ ತನ್ನದೇ.

ಒಂದು ಉದಾಹರಣೆ ಕೊಡುತ್ತೇನೆ. ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಎಂಬ ಮುಂಜಾನೆಯ ಗುಳಿಗೆ ಹಿಡಿಯುವ, ಅಂದರೆ ಪರಿಣಾಮ ತೋರುವ, ಮುನ್ನ ನಾನು ಅಂಗಿ ತೊಡಲು ಕೂತರೆ, ಗುಂಡಿ ಕಾಜದ ಅಂಚಿಗೆ ಬಂದು ನಿಲ್ಲುತ್ತದೆ, ಹೆಬ್ಬೆರಳು ಅದನ್ನು ಒಳಕ್ಕೆ ನೂಕುವುದಿಲ್ಲ. ನೂಕು ಎಂದು ನಾನು ಹೇಳಿದ್ದು ಬೆರಳಿಗೆ ತಲುಪಿಯೇ ಇಲ್ಲವೇನೋ ಎನ್ನಿಸುತ್ತದೆ. ಆಗ ಬರುವ ದುಃಖ ಗುಂಡಿಯ ಗಾತ್ರದ್ದಾಗಿರುವುದಿಲ್ಲ, ಇಡೀ ಬದುಕೇ ಮುಗಿದುಹೋಯಿತೆಂಬಷ್ಟು ದೊಡ್ಡದಾಗಿರುತ್ತದೆ. ಸ್ವಲ್ಪ ಹೊತ್ತಿನ ಬಳಿಕ ಅದೇ ಕೈ ಅದೇ ಗುಂಡಿಯನ್ನು ಹಾಕುತ್ತದೆ, ಮತ್ತು ಆ ದುಃಖ ಎಲ್ಲಿ ಹೋಯಿತೆಂದು ನನಗೇ ತಿಳಿಯುವುದಿಲ್ಲ. ಆದ್ದರಿಂದ ಗುಳಿಗೆಯ ಪರಿಣಾಮ ಇಳಿದ ಹೊತ್ತಿನಲ್ಲಿ ನನ್ನ ಬದುಕಿನ ಬಗೆಗೆ ಯಾವ ತೀರ್ಮಾನವನ್ನೂ ಮಾಡಬಾರದೆಂದು ನಿಯಮ ಹಾಕಿಕೊಂಡಿದ್ದೇನೆ. ಅಂಗಿಯನ್ನೂ ಈಗ ಗುಳಿಗೆ ಹಿಡಿದ ಮೇಲೆಯೇ ತೊಡುತ್ತೇನೆ.

ಇನ್ನೊಂದು ಮಾತು. ಈ ಬೇನೆಯಲ್ಲಿ ಮುಖದ ಸ್ನಾಯುಗಳೂ ಬಿಗಿಯುವುದರಿಂದ ಒಳಗೆ ನಗುತ್ತಿದ್ದರೂ ಹೊರಗೆ ನಗು ಕಾಣುವುದಿಲ್ಲ. ಹಳೆಯ ವಿದ್ಯಾರ್ಥಿಗಳು ಭೇಟಿಯಾಗಿ ಹೋದ ಮೇಲೆ ‘ಸರ್ ಯಾಕೋ ಸಿಟ್ಟಾಗಿದ್ದರು’ ಎಂದು ಹೇಳಿದ್ದು ನನ್ನ ಕಿವಿಗೆ ಬಿದ್ದಿದೆ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ಮುಖ ನೋಡಿ ಮನಸ್ಸನ್ನು ಅಳೆಯಬೇಡಿ, ಬಾಯಿಬಿಟ್ಟು ಕೇಳಿ. ನಿಮ್ಮ ಅನುಭವಗಳನ್ನು ಬರೆಯಿರಿ.

ಬಿದ್ರಿ ಕುಶಲಕರ್ಮಿಯ ಮಗ, ಬೀದರ್

ಗುರುಗಳಿಗೆ ನಮಸ್ಕಾರ. ನಮ್ಮ ಅಬ್ಬಾ ಬಿದ್ರಿ ಕೆಲಸದವರು. ಬೇನೆಯನ್ನು ವೈದ್ಯರಿಗಿಂತ ಮೊದಲು ಕಂಡುಹಿಡಿದದ್ದು ಅವರ ಉಳಿ. ಎಲ್ಲರೂ ಕೈ ನಡುಗುವುದರಿಂದ ಕೆತ್ತನೆ ಕೆಟ್ಟಿತೆಂದು ಭಾವಿಸುತ್ತಾರೆ, ಆದರೆ ಪಾರ್ಕಿನ್ಸನ್ನಿನ ನಡುಕ ಕೈ ಸುಮ್ಮನಿದ್ದಾಗಲೇ ಹೆಚ್ಚು, ಉಳಿ ಹಿಡಿದ ಕೂಡಲೇ ಅದು ಬಹಳಷ್ಟು ತಗ್ಗುತ್ತಿತ್ತು. ಕೆಡಿಸಿದ್ದು ಬೇರೆಯೇ. ಹೂಜಿಯ ಹೊಟ್ಟೆಯ ಮೇಲೆ ಎಲೆಗಳ ಬಳ್ಳಿಯೊಂದನ್ನು ಕೆತ್ತುತ್ತಾ ಹೋದರೆ ಮೊದಲ ಎಲೆ ಇದ್ದಷ್ಟು ದೊಡ್ಡದಾಗಿ ಹತ್ತನೆಯ ಎಲೆ ಇರುತ್ತಿರಲಿಲ್ಲ. ಗೆರೆಯ ಆಳವೂ ಕಡಿಮೆಯಾಗುತ್ತಾ ಬಂದು, ಬೆಳ್ಳಿಯ ತಂತಿಯನ್ನು ಬಡಿದು ಕೂಡಿಸಿದರೆ ಅದು ಹಿಡಿದು ನಿಲ್ಲುತ್ತಿರಲಿಲ್ಲ. ಈ ಬೇನೆಯವರ ಅಕ್ಷರ ಬರೆಯುತ್ತಾ ಹೋದಂತೆ ಸಣ್ಣದಾಗುತ್ತದೆಂದು ಆಮೇಲೆ ಹೈದರಾಬಾದಿನ ವೈದ್ಯರು ಹೇಳಿದಾಗ ಅಬ್ಬಾ ತಲೆ ಅಲ್ಲಾಡಿಸಿ, ‘ನನ್ನ ಉಳಿಯೂ ಅದೇ ಬರೆಯುತ್ತಿತ್ತು’ ಎಂದರು. ಮೂಗಿನ ವಾಸನೆ ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ಹೋಗಿತ್ತು, ಅದು ಈ ಬೇನೆಯ ಮುನ್ಸೂಚನೆಗಳಲ್ಲಿ ಒಂದೆಂದು ಆಗ ಯಾರಿಗೆ ಗೊತ್ತಿತ್ತು.

ಕೆತ್ತನೆ ಬಿಟ್ಟ ಮೇಲಿನ ಕೆಲವು ತಿಂಗಳು ಅವರು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದೇ ಹೆಚ್ಚು. ನಾವೂ ಧೈರ್ಯ ಹೇಳಿದೆವು, ಏನೂ ಆಗಲಿಲ್ಲ. ಬದಲಾವಣೆ ಬಂದದ್ದು ಎರಡು ಕಾರಣಗಳಿಂದ. ಒಂದು, ನರರೋಗ ತಜ್ಞರು ಖಿನ್ನತೆಗೆ ಪ್ರತ್ಯೇಕ ಔಷಧಿ ಬರೆದರು. ಇನ್ನೊಂದು, ಕಾರ್ಖಾನೆಯ ಕೊನೆಯ ಹಂತದ ಕೆಲಸವನ್ನು ಅವರಿಗೇ ಒಪ್ಪಿಸಿದೆವು. ಬಲ್ಲವರಿಗೆ ಗೊತ್ತು, ಸತು ಮತ್ತು ತಾಮ್ರದ ಪಾತ್ರೆಗೆ ಬೆಳ್ಳಿ ಕೂಡಿಸಿ ನುಣುಪು ಮಾಡಿದ ಮೇಲೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಹಚ್ಚಿದಾಗ ಪಾತ್ರೆಯ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಎಲ್ಲಿ ಸಾಕು, ಎಲ್ಲಿ ಇನ್ನೂ ಬೇಕು ಎಂಬುದನ್ನು ಕಣ್ಣೇ ಹೇಳಬೇಕು. ಅದಕ್ಕೆ ಬೆರಳಿನ ಹಂಗಿಲ್ಲ. ಈಗ ಅವರು ಒಪ್ಪದೆ ಒಂದು ಪಾತ್ರೆಯೂ ಅಂಗಡಿಗೆ ಹೋಗುವುದಿಲ್ಲ. ಒಪ್ಪದಿದ್ದಾಗ ಹುಡುಗರನ್ನು ಬೈಯುತ್ತಾರೆ, ದನಿ ತಗ್ಗಿರುವುದರಿಂದ ಹುಡುಗರು ಹತ್ತಿರ ಬಂದು ಬಗ್ಗಿ ನಿಂತು ಬೈಸಿಕೊಳ್ಳಬೇಕಾಗುತ್ತದೆ. ಅಮ್ಮಿ ಹೇಳುವ ಪ್ರಕಾರ ಬೈಗುಳ ಮರಳಿ ಬಂದದ್ದೇ ಗುಣವಾದ ಲಕ್ಷಣ.

ಓದುಗ, ಸೇಡಂ

ಎಲ್ಲವನ್ನೂ ಗುಳಿಗೆಗೆ ಕಟ್ಟಿಹಾಕುವುದು ನನಗೆ ಒಪ್ಪಿಗೆಯಾಗುವುದಿಲ್ಲ. ನಮ್ಮ ಹಿರಿಯರು ಇದನ್ನು ಕಂಪವಾತವೆಂದು ಕರೆದು ನಸುಗುನ್ನಿ ಬೀಜದ ಪುಡಿ ಕೊಡುತ್ತಿದ್ದರು. ನಮ್ಮ ಬೀಗರೊಬ್ಬರು ಇಂಗ್ಲಿಷ್ ಔಷಧಿಯ ಜೊತೆಗೆ ಅದನ್ನೂ ತೆಗೆದುಕೊಂಡು ಶರಣಬಸವೇಶ್ವರರ ಮೇಲೆ ಭಾರ ಹಾಕಿ ಚೆನ್ನಾಗಿಯೇ ಇದ್ದಾರೆ. ಶ್ರದ್ಧೆ ಇದ್ದವನಿಗೆ ದಿನಚರಿಯ ಲೆಕ್ಕಾಚಾರ ಬೇಕಾಗುವುದಿಲ್ಲ ಎಂಬುದು ನನ್ನ ಅನಿಸಿಕೆ. ಸಂಕಲ್ಪ ಬಲವೇ ಮುಖ್ಯ.

ಫಿಸಿಯೋಥೆರಪಿಸ್ಟ್, ಕಲಬುರಗಿ

ಸೇಡಂ ಅಣ್ಣನವರಿಗೆ: ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ನಿಜವಾಗಿಯೂ ಇದೆ, ಹಿರಿಯರು ಸುಮ್ಮನೆ ಕೊಟ್ಟದ್ದಲ್ಲ. ತೊಂದರೆಯೂ ಅಲ್ಲಿಂದಲೇ ಬರುತ್ತದೆ. ಗುಳಿಗೆಯಲ್ಲಿರುವುದೂ ಅದೇ, ಪುಡಿಯಲ್ಲಿರುವುದೂ ಅದೇ. ಪುಡಿಯಲ್ಲಿ ಎಷ್ಟಿದೆಯೆಂಬ ಅಳತೆ ಡಬ್ಬಿಯಿಂದ ಡಬ್ಬಿಗೆ ಬದಲಾಗಬಹುದು. ಎರಡೂ ಕೂಡಿ ಹೆಚ್ಚಾದರೆ ವಾಂತಿ, ರಕ್ತದೊತ್ತಡದ ಕುಸಿತ, ಮೈ ತಾನಾಗಿಯೇ ಹೊರಳಾಡುವ ಚಲನೆಗಳು ಕಾಣಿಸಿಕೊಳ್ಳುತ್ತವೆ. ನಿಮ್ಮ ಬೀಗರು ತಾವು ಏನೇನು ತೆಗೆದುಕೊಳ್ಳುತ್ತಿದ್ದಾರೆಂಬುದನ್ನು ತಮ್ಮ ವೈದ್ಯರಿಗೆ ತಪ್ಪದೆ ತಿಳಿಸಲಿ. ಶ್ರದ್ಧೆಯ ಬಗೆಗೆ ನನ್ನ ತಕರಾರಿಲ್ಲ. ನಾವು ಅಪ್ಪ ಎಂದು ಕರೆಯುವ ಶರಣಬಸವೇಶ್ವರರ ಗುಡಿಗೆ ದಿನವೂ ನಡೆದುಹೋಗಿ ಬರುವವರು ನನ್ನ ಬಳಿಗೆ ಬರುವ ರೋಗಿಗಳಲ್ಲೆಲ್ಲ ಚುರುಕಾಗಿದ್ದಾರೆ, ಮತ್ತು ಅದರಲ್ಲಿ ನಡಿಗೆಯ ಪಾಲೆಷ್ಟು, ಅಪ್ಪನ ಪಾಲೆಷ್ಟು ಎಂದು ನಾನು ಕೇಳಲು ಹೋಗುವುದಿಲ್ಲ.

ವ್ಯಾಯಾಮದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಉತ್ಸಾಹ ಬಂದ ಮೇಲೆ ವ್ಯಾಯಾಮ ಮಾಡುತ್ತೇನೆಂದು ಕಾಯುವವರು ಬಹಳ. ಈ ಬೇನೆಯಲ್ಲಿ ಉತ್ಸಾಹ ಮುಂಚಿತವಾಗಿ ಬರುವುದು ಕಡಿಮೆ, ಮೈ ಆಡಿದ ಮೇಲೆ ಅದು ಹಿಂದಿನಿಂದ ಬರುತ್ತದೆ. ಗುಳಿಗೆ ಹಿಡಿದ ಹೊತ್ತಿನಲ್ಲಿ, ಮೈ ಬೆವರುವಷ್ಟು, ವಾರದಲ್ಲಿ ಹೆಚ್ಚಿನ ದಿನ ಮಾಡಬೇಕು. ನಡೆಯುವಾಗ ಕಾಲು ನೆಲಕ್ಕೆ ಅಂಟಿದಂತಾಗಿ ನಿಂತುಬಿಡುವವರು ಧೃತಿಗೆಡುವುದು ಸಹಜ; ಬಾಗಿಲ ಹೊಸ್ತಿಲು, ಕಿರಿದಾದ ಓಣಿ, ತಿರುಗುವ ಜಾಗ, ಇಂಥಲ್ಲೇ ಅದು ಹೆಚ್ಚು. ಇದಕ್ಕೆ ನಮ್ಮ ಊರಿನ ಹಳೆಯ ಮನೆಗಳೇ ಒಂದು ಉಪಾಯವನ್ನು ಇಟ್ಟುಕೊಂಡಿವೆ. ಶಹಾಬಾದ್ ಫರಸಿ ಹಾಸಿದ ನೆಲದಲ್ಲಿ ಕಲ್ಲಿನಿಂದ ಕಲ್ಲಿಗೆ ಸಂದಿನ ಗೆರೆ ಎದ್ದು ಕಾಣುತ್ತದೆ. ಅಂಟಿಕೊಂಡ ಕಾಲಿನವರಿಗೆ ‘ನಡೆಯಿರಿ’ ಎಂದರೆ ಆಗುವುದಿಲ್ಲ, ‘ಆ ಗೆರೆಯನ್ನು ದಾಟಿ’ ಎಂದರೆ ಕಾಲು ಏಳುತ್ತದೆ. ತಾನಾಗಿ ನಡೆಯುವ ರೂಢಿಯ ನಡಿಗೆಯನ್ನು ನಡೆಸುವ ಮಾರ್ಗ ಮಿದುಳಿನಲ್ಲಿ ಕೆಟ್ಟಿರುತ್ತದೆ, ಕಣ್ಣಿಗೆ ಕಂಡ ಗುರುತನ್ನು ಹಿಡಿದು ಹೆಜ್ಜೆ ಇಡುವ ಮಾರ್ಗ ಇನ್ನೂ ಕೆಲಸ ಮಾಡುತ್ತಿರುತ್ತದೆ. ಹೊಸ ಮನೆ ಕಟ್ಟಿಸಿ ಸಂದು ಕಾಣದ ಹೊಳೆಯುವ ಟೈಲ್ಸ್ ಹಾಕಿಸಿದವರು ಬಾಗಿಲ ಬಳಿ, ಬಚ್ಚಲಮನೆಯ ದಾರಿಯಲ್ಲಿ ಬಣ್ಣದ ಟೇಪಿನ ಅಡ್ಡಗೆರೆ ಅಂಟಿಸಿದರೂ ಸಾಕು. ‘ಎಡ, ಬಲ’ ಎಂದು ಲಯಬದ್ಧವಾಗಿ ಎಣಿಸುವುದೂ ಸಹಾಯಕ್ಕೆ ಬರುತ್ತದೆ. ನಿಂತುಬಿಟ್ಟವರನ್ನು ಕೈಹಿಡಿದು ಎಳೆಯಬಾರದು, ಬೀಳುವುದು ಹೆಚ್ಚಾಗಿ ಆಗಲೇ.

ನೆದರ್ಲೆಂಡ್ಸ್‌ನ ವೈದ್ಯರು 2010ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು: ನಾಲ್ಕು ಹೆಜ್ಜೆ ನಡೆಯಲಾರದ ರೋಗಿಯೊಬ್ಬರು ಸೈಕಲ್ ಏರಿ ಸರಾಗವಾಗಿ ತುಳಿದುಕೊಂಡು ಹೋದರು. ಇದನ್ನು ಓದಿ ಯಾರೂ ನಮ್ಮ ಊರಿನ ಸೂಪರ್ ಮಾರ್ಕೆಟ್ ಪೇಟೆಯ ಗದ್ದಲದಲ್ಲಿ ಸೈಕಲ್ ಹೊರಡಿಸಬೇಡಿ. ಮನೆಯಲ್ಲಿ ನಿಂತಲ್ಲೇ ತುಳಿಯುವ ವ್ಯಾಯಾಮದ ಸೈಕಲ್ ಆದೀತು. ದನಿ ತಗ್ಗಿದವರು ದಿನವೂ ಗಟ್ಟಿಯಾಗಿ ಓದಬೇಕು, ಹಾಡಬೇಕು. ನಮ್ಮ ಭಾಗದಲ್ಲಿ ತತ್ವಪದ ಹಾಡುವ ಮಂಡಳಿಗಳಿಗೆ ಬರವಿಲ್ಲ. ಏಕತಾರಿಯ ಲಯ ಇದ್ದರೆ ಉಸಿರೂ ದನಿಯೂ ತಾವಾಗಿಯೇ ಎತ್ತರಕ್ಕೆ ಏರುತ್ತವೆ, ಸಂಗಡಿಗರೂ ಸಿಗುತ್ತಾರೆ.

ಸೊಸೆ, ಶಹಾಪುರ (ಯಾದಗಿರಿ ಜಿಲ್ಲೆ)

ಇಲ್ಲಿಯವರೆಗೆ ಬರೆದವರೆಲ್ಲರೂ ರೋಗಿಯ ಮನಸ್ಸಿನ ಬಗೆಗೇ ಬರೆದಿದ್ದೀರಿ. ನೋಡಿಕೊಳ್ಳುವವರಿಗೂ ಒಂದು ಮನಸ್ಸಿರುತ್ತದೆಂದು ಯಾರಾದರೂ ಹೇಳಬೇಕಾಗಿದ್ದರಿಂದ ನಾನೇ ಹೇಳುತ್ತಿದ್ದೇನೆ.

ನಮ್ಮ ಅತ್ತೆಯವರಿಗೆ ಬೇನೆ ಮುಂದುವರಿದಿದೆ. ರಾತ್ರಿ ಕನಸಿನಲ್ಲಿ ಕೂಗುತ್ತಾರೆ, ಕೈ ಬೀಸುತ್ತಾರೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೂಲೆಯಲ್ಲಿ ಚಿಕ್ಕ ಮಕ್ಕಳು ಕೂತಿದ್ದಾರೆಂದು ಹೇಳಿ ಅವರಿಗೂ ಊಟಕ್ಕೆ ಹಾಕೆಂದು ನನಗೆ ಅಪ್ಪಣೆ ಮಾಡುತ್ತಾರೆ. ಓಣಿಯ ಜನ ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸಲು ಹೇಳಿದರು. ವೈದ್ಯರನ್ನು ಕೇಳಿದಾಗ ಬೇನೆಯಿಂದಲೂ, ಅದರ ಔಷಧಿಗಳಿಂದಲೂ ಹೀಗೆ ಇಲ್ಲದ್ದು ಕಾಣುವುದುಂಟೆಂದು ಹೇಳಿ, ಔಷಧಿಯನ್ನು ಹೊಂದಿಸಿಕೊಟ್ಟ ಮೇಲೆ ಆ ಮಕ್ಕಳು ಬರುವುದು ಬಹಳ ಕಡಿಮೆಯಾಗಿದೆ. ನೀರು ಕುಡಿಯುವಾಗ ಕೆಮ್ಮು ಬರುವುದರಿಂದ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಗುಟುಕು ಗುಟುಕಾಗಿ ಕುಡಿಸುತ್ತೇನೆ. ಆ ಕೆಮ್ಮನ್ನು ಹಗುರವಾಗಿ ಎಣಿಸಬಾರದಂತೆ, ನುಂಗುವುದರ ತಪಾಸಣೆ ಮಾಡಿಸಬೇಕಂತೆ.

ಇಷ್ಟೆಲ್ಲ ಮಾಡುವವಳಿಗೆ ಬಂದವರು ಹೇಳುವುದು, ‘ನೀನು ನಗುತ್ತಾ ಇದ್ದರೆ ಅತ್ತೆಯೂ ನಗುತ್ತಾರಮ್ಮಾ.’ ನಗಲು ನಿದ್ದೆ ಬೇಕು. ನನ್ನನ್ನು ನಿಜವಾಗಿ ಗೆಲುವಾಗಿಟ್ಟದ್ದು ನಾದಿನಿ. ಅವಳು ಉಪದೇಶ ಮಾಡಲಿಲ್ಲ, ತಿಂಗಳಿಗೊಮ್ಮೆ ಬಂದು ಕೆಲವು ದಿನ ಅತ್ತೆಯ ಕೋಣೆಯಲ್ಲಿ ತಾನು ಮಲಗುತ್ತಾಳೆ, ನಾನು ಆ ರಾತ್ರಿಗಳಲ್ಲಿ ಮಾಳಿಗೆಯ ಮೇಲೆ ಹೋಗಿ ಮಲಗುತ್ತೇನೆ. ನಾದಿನಿ ಇಲ್ಲದವರು 14416 ಸಂಖ್ಯೆಗೆ ಕರೆ ಮಾಡಬಹುದು. ಅದು 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಅಲ್ಲಿ ಕನ್ನಡದಲ್ಲಿ ಮಾತನಾಡುತ್ತಾರೆ, ಹಣ ಕೇಳುವುದಿಲ್ಲ, ಮತ್ತು ನೋಡಿಕೊಳ್ಳುವವರೂ ತಮ್ಮ ಸಲುವಾಗಿ ಕರೆ ಮಾಡಬಹುದು.

ನಿವೃತ್ತ ಮುಖ್ಯೋಪಾಧ್ಯಾಯ, ಕಲಬುರಗಿ

ಶಹಾಪುರದ ತಂಗಿ ಬರೆದದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಏನೂ ಹೇಳದೆ ಇನ್ನೊಮ್ಮೆ ಓದೆಂದಳು.

ಊಟದ ವಿಷಯ ಹೇಳಿ ಮುಗಿಸುತ್ತೇನೆ, ಏಕೆಂದರೆ ತೊಗರಿಯ ಕಣಜದಲ್ಲಿ ಕೂತವರಿಗೆ ಇದು ಸಣ್ಣ ಸಮಸ್ಯೆಯೇನೂ ಅಲ್ಲ. ಲೆವೊಡೋಪಾ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗುವ ಬಾಗಿಲೂ ಬೇಳೆ, ಹಾಲು, ಮೊಟ್ಟೆ, ಮಾಂಸಗಳ ಪ್ರೋಟೀನಿನ ಅಂಶಗಳು ಹೋಗುವ ಬಾಗಿಲೂ ಒಂದೇ ಆಗಿರುವುದರಿಂದ, ಎರಡೂ ಒಟ್ಟಿಗೆ ಬಂದರೆ ಜಾತ್ರೆಯ ದಿನ ಗುಡಿಯ ಬಾಗಿಲಲ್ಲಿ ಆಗುವ ನೂಕಾಟವೇ ಆಗುತ್ತದೆ ಮತ್ತು ಗುಳಿಗೆ ಹೊರಗೇ ಉಳಿಯುತ್ತದೆ. ಬಿಸಿರೊಟ್ಟಿಯ ಜೊತೆಗೆ ಗಟ್ಟಿಬ್ಯಾಳಿ ಉಂಡ ಮಧ್ಯಾಹ್ನಗಳಲ್ಲಿ ನನ್ನ ಕಾಲು ಏಕೆ ಏಳುತ್ತಿರಲಿಲ್ಲವೆಂಬುದು ಆಮೇಲೆ ಅರ್ಥವಾಯಿತು. ಬೇಳೆ ಬಿಡುವ ಅಗತ್ಯವಿಲ್ಲ. ಊಟಕ್ಕೆ ಸುಮಾರು ಅರ್ಧ ಗಂಟೆ ಮುಂಚೆ, ಇಲ್ಲವೇ ಊಟವಾಗಿ ಒಂದು ಗಂಟೆಯ ಬಳಿಕ ಗುಳಿಗೆ ತೆಗೆದುಕೊಂಡರೆ ಬಹಳ ಜನರಿಗೆ ಹೊಂದುತ್ತದೆ. ಕೆಲವರು ಬೇಳೆಯ ಹೆಚ್ಚಿನ ಪಾಲನ್ನು ರಾತ್ರಿಯ ಊಟಕ್ಕೆ ಸರಿಸುತ್ತಾರೆ. ನಿಮಗೆ ಯಾವುದು ಸರಿಯೆಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ಜೋಳದ ರೊಟ್ಟಿ, ಪುಂಡಿಪಲ್ಯೆ, ಸಾಕಷ್ಟು ನೀರು ಇವು ಮಲಬದ್ಧತೆಗೂ ಒಳ್ಳೆಯವು, ಮತ್ತು ಮಲಬದ್ಧತೆ ಈ ಬೇನೆಯಲ್ಲಿ ಮನುಷ್ಯನ ಉಲ್ಲಾಸವನ್ನು ಎಷ್ಟರಮಟ್ಟಿಗೆ ಕಸಿಯುತ್ತದೆಂಬುದನ್ನು ಸಭ್ಯರ ಸಭೆಯಲ್ಲಿ ಇದಕ್ಕಿಂತ ಹೆಚ್ಚು ವಿವರಿಸಲಾರೆ.

ಓದುಗ, ಹುಮನಾಬಾದ್

ಗೆಲುವಿನ ಬಗೆಗೇ ಚರ್ಚೆ ನಡೆದಿರುವುದರಿಂದ ಅದರ ಇನ್ನೊಂದು ಮುಖವನ್ನೂ ದಾಖಲಿಸಬೇಕು. ನಮ್ಮ ಕಾಕಾ ಮೊದಲಿನಿಂದಲೂ ಮಿತಭಾಷಿ, ಕೈ ಬಿಗಿ ಹಿಡಿದು ಖರ್ಚು ಮಾಡುವವರು. ಪ್ರಾಮಿಪೆಕ್ಸೋಲ್ ಎಂಬ ಗುಳಿಗೆ ಶುರುವಾಗಿ, ಅದರ ಪ್ರಮಾಣವನ್ನು ಹೆಚ್ಚಿಸಿದ ಮೇಲೆ ಅವರಲ್ಲಿ ಎಲ್ಲಿಲ್ಲದ ಹುರುಪು ಕಾಣಿಸಿಕೊಂಡಿತು. ಮನೆಯವರೆಲ್ಲರೂ ಸಂತೋಷಪಟ್ಟರು, ಬಂದವರಿಗೆ ಹೇಳಿಕೊಂಡರು. ರಾತ್ರಿಯೆಲ್ಲ ಮೊಬೈಲಿನಲ್ಲಿ ಹಣ ಕಟ್ಟಿ ಇಸ್ಪೀಟು ಆಡುತ್ತಿದ್ದಾರೆಂಬುದು ಬ್ಯಾಂಕಿನ ಪಾಸ್‌ಬುಕ್ ಭರ್ತಿ ಮಾಡಿಸಿದ ದಿನ ತಿಳಿಯಿತು. ಕಾಕಾ ಯಾರ ಮುಖವನ್ನೂ ನೋಡಲಾರದೆ ಹೋದರು.

ಡೋಪಮಿನ್ನಿನಂತೆ ವರ್ತಿಸುವ ಆ ಗುಂಪಿನ ಔಷಧಿಗಳಿಂದ ಕೆಲವರಲ್ಲಿ ಜೂಜು, ಮಿತಿಮೀರಿದ ಖರೀದಿ, ಅತಿಯಾದ ತಿನ್ನುವಿಕೆ, ಕಾಮಾಸಕ್ತಿ ಇಂಥ ತಡೆಯಲಾಗದ ಸೆಳೆತಗಳು ಹುಟ್ಟುತ್ತವೆಂದು ವೈದ್ಯರು ಹೇಳಿ, ಆ ಗುಳಿಗೆಯನ್ನು ಹಂತ ಹಂತವಾಗಿ ಇಳಿಸಿದರು. ಸೆಳೆತವೂ ಇಳಿಯಿತು. ಇದನ್ನು ಚಾರಿತ್ರ್ಯದ ದೋಷವೆಂದು ತಿಳಿದು ಮಾನಕ್ಕೆ ಅಂಜಿ ಮುಚ್ಚಿಡುವ ಮನೆಗಳು ಎಷ್ಟಿವೆಯೋ. ಇಂಥ ಗುಳಿಗೆ ಶುರುವಾದ ಮನೆಯಲ್ಲಿ ಹಠಾತ್ತನೆ ಬಂದ ಉತ್ಸಾಹವನ್ನು ಕಂಡು ಹಿಗ್ಗುವುದರ ಜೊತೆಗೆ ಪಾಸ್‌ಬುಕ್ಕನ್ನೂ ಒಮ್ಮೆ ನೋಡಿ.

ಔಷಧ ಅಂಗಡಿಯವ, ಆಳಂದ

ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಇದನ್ನು ಓದಿ ಹೆದರಿ ಯಾರೂ ತಾವಾಗಿಯೇ ಗುಳಿಗೆ ನಿಲ್ಲಿಸಬಾರದು. ಲೆವೊಡೋಪಾವನ್ನು ಏಕಾಏಕಿ ಬಿಟ್ಟರೆ ಮೈ ಮರದ ಕೊರಡಿನಂತೆ ಬಿಗಿದು, ಜ್ವರ ಏರಿ, ಜೀವಕ್ಕೇ ಅಪಾಯವಾಗಬಹುದು. ಊರಿಗೆ ಹೋಗುವಾಗ, ಜಾತ್ರೆಗೆ ಹೋಗುವಾಗ ಗುಳಿಗೆ ಸಾಲುತ್ತದೆಯೇ ಎಂದು ನೋಡಿಕೊಂಡೇ ಹೊರಡಿ.

ವಾಂತಿಯೆಂದು ಹತ್ತಿರದ ದವಾಖಾನೆಗೆ ಹೋದರೆ ಸಾಮಾನ್ಯವಾಗಿ ಕೊಡುವ ಮೆಟಾಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜೀನ್ ಔಷಧಿಗಳು ಡೋಪಮಿನ್ನಿಗೇ ಅಡ್ಡ ಬರುತ್ತವೆ, ಪಾರ್ಕಿನ್ಸನ್ ಇದ್ದವರಲ್ಲಿ ಬೇನೆಯನ್ನು ಕೆರಳಿಸುತ್ತವೆ. ಗೊಂದಲವಾದಾಗ ಕೊಡುವ ಹ್ಯಾಲೋಪೆರಿಡಾಲ್ ಕೂಡ ಹಾಗೆಯೇ. ರೋಗಿಯ ಅಂಗಿಯ ಜೇಬಿನಲ್ಲಿ ಬೇನೆಯ ಹೆಸರು, ಗುಳಿಗೆಗಳ ಹೆಸರು, ಹೊತ್ತು, ಕೊಡಬಾರದ ಔಷಧಿಗಳ ಹೆಸರು ಬರೆದ ಚೀಟಿ ಇರಲಿ. ರಕ್ತಹೀನತೆಗೆ ಕೊಡುವ ಕಬ್ಬಿಣದ ಗುಳಿಗೆಯನ್ನು ಲೆವೊಡೋಪಾದ ಜೊತೆಗೇ ನುಂಗಬಾರದು, ಎರಡರ ನಡುವೆ ಅಂತರ ಬೇಕು. ಲೆವೊಡೋಪಾ ಮತ್ತು ಕಾರ್ಬಿಡೋಪಾ ಕೂಡಿದ ಗುಳಿಗೆ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ದುಬಾರಿಯೆಂದು ನುಂಗುವುದನ್ನು ಕಡಿಮೆ ಮಾಡುವ ಮೊದಲು ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಕಂಪನಿ ಬದಲಿಸುವುದಾದರೆ ಮಾತ್ರ ವೈದ್ಯರಿಗೆ ಒಂದು ಮಾತು ಹೇಳಿ.

ಪದವಿ ವಿದ್ಯಾರ್ಥಿನಿ, ಯಾದಗಿರಿ

ನನಗಿರುವುದು ಪಾರ್ಕಿನ್ಸನ್ ಅಲ್ಲ, ಮಲ್ಟಿಪಲ್ ಸ್ಕ್ಲೆರೋಸಿಸ್. ದೇಹದ ರೋಗನಿರೋಧಕ ಶಕ್ತಿಯೇ ನರಗಳ ಹೊರಕವಚವನ್ನು ತಿನ್ನುವ ಬೇನೆ ಇದು. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲವಾದ್ದರಿಂದ ನನಗೆ ಯಾರೂ ಧೈರ್ಯ ಹೇಳುವುದಿಲ್ಲ, ಸೋಮಾರಿ ಎನ್ನುತ್ತಾರೆ. ಮೂರನೆಯ ಮಹಡಿಯ ತರಗತಿಗೆ ಏರಿದ ಮೇಲೆ ನಾನು ಬೆಂಚಿಗೆ ತಲೆಯಿಟ್ಟು ಕೂರುವುದನ್ನು ಕಂಡು ಹಾಗೆ ಹೇಳುವವರಿಗೆ ವಿವರಿಸುವಷ್ಟು ಬಲವೂ ಆಗ ಇರುವುದಿಲ್ಲ.

ನಮ್ಮ ಭಾಗದ ಬೇಸಿಗೆ ಈ ಬೇನೆಗೆ ಶತ್ರು. ಮೈಯ ಬಿಸಿ ಸ್ವಲ್ಪ ಏರಿದರೂ ಕವಚ ಕಳೆದುಕೊಂಡ ನರಗಳಲ್ಲಿ ಸಂಕೇತ ಸರಿಯಾಗಿ ಹರಿಯದೆ ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ಊರಿನಲ್ಲಿ ಇದರ ಅರ್ಥ ಏನೆಂದು ನೀವೇ ಊಹಿಸಿ. ಮೊದಲ ಬೇಸಿಗೆಯಲ್ಲಿ ಬೇನೆ ಉಲ್ಬಣಿಸಿತೆಂದೇ ಅತ್ತಿದ್ದೆ. ಮೈ ತಣಿದರೆ ದೃಷ್ಟಿಯೂ ಬಲವೂ ಮರಳುತ್ತವೆ, ಬಿಸಿಲು ಹೊಸದಾಗಿ ನರವನ್ನು ಕೆಡಿಸುವುದಿಲ್ಲ ಎಂದು ವೈದ್ಯರು ತಿಳಿಸಿದ ದಿನ ನನಗೆ ಸಿಕ್ಕ ಸಮಾಧಾನ ಯಾವ ಪ್ರವಚನದಿಂದಲೂ ಸಿಕ್ಕಿರಲಿಲ್ಲ. ಈಗ ಒದ್ದೆ ಮಾಡಿದ ಓಢಣಿ, ಮಡಕೆಯ ನೀರು, ಮುಂಜಾನೆಯ ಓದು, ಮಧ್ಯಾಹ್ನ ಕತ್ತಲೆ ಮಾಡಿದ ಕೋಣೆ, ಇಷ್ಟರಲ್ಲಿ ಬೇಸಿಗೆ ಕಳೆಯುತ್ತೇನೆ. ಒಂದು ದಿನಕ್ಕಿಂತ ಹೆಚ್ಚು ಕಾಲ ಹೊಸ ಲಕ್ಷಣ ಉಳಿದರೆ ಮಾತ್ರ ಕಾಯದೆ ವೈದ್ಯರಿಗೆ ತಿಳಿಸುತ್ತೇನೆ. ಗುರುಗಳು ಹೇಳಿದ ದಿನಚರಿಯ ಮಾತು ನನ್ನ ಬೇನೆಗೂ ಸರಿಹೊಂದುತ್ತದೆ.

ಗ್ರಾಮ ಪಂಚಾಯಿತಿ ಕಾರ್ಯಕರ್ತ, ಚಿತ್ತಾಪುರ

ಯಾದಗಿರಿಯ ತಂಗಿಗೆ ಮತ್ತು ಉಳಿದ ಎಲ್ಲರಿಗೆ: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಲ್ಲಿ ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಎರಡೂ ಇವೆ. ಬೇನೆಯಿಂದಾದ ನ್ಯೂನತೆ 40 ಶೇಕಡಾ ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣೀಕೃತವಾದರೆ ಹಲವು ಸೌಲಭ್ಯಗಳಿಗೆ ಅರ್ಹತೆ ದೊರೆಯುತ್ತದೆ. ವಿಶಿಷ್ಟ ಗುರುತಿನ ಚೀಟಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿ, ನಿಗದಿಯಾದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆಗೆ ಹೋಗಬೇಕು. ತಪಾಸಣೆಗೆ ಗುಳಿಗೆ ಹಿಡಿದ ಹೊತ್ತಿನಲ್ಲಿ ಹೋದರೆ ಬೇನೆ ಇದ್ದುದಕ್ಕಿಂತ ಕಡಿಮೆ ಕಾಣುವ ಸಂಭವವಿದೆ, ಆದ್ದರಿಂದ ಗುಳಿಗೆ ಇಳಿದಾಗ ಏನಾಗುತ್ತದೆಂಬುದನ್ನು ಮನೆಯವರು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗುವುದು ಒಳ್ಳೆಯದು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ನೆಲ ಅಂತಸ್ತಿನ ಕೋಣೆ ಕೇಳಲು ಈ ಪ್ರಮಾಣಪತ್ರ ಆಧಾರವಾಗುತ್ತದೆ. ಕೇಳಲು ಸಂಕೋಚಪಡಬೇಡಿ.

ಓದುಗ, ಸೇಡಂ

ಫಿಸಿಯೋಥೆರಪಿ ಅಕ್ಕನವರ ಮಾತನ್ನು ಬೀಗರಿಗೆ ತಿಳಿಸಿದ್ದೇನೆ, ಪುಡಿಯ ಡಬ್ಬಿಯೊಂದಿಗೆ ವೈದ್ಯರ ಬಳಿಗೆ ಹೋಗಲು ಒಪ್ಪಿದ್ದಾರೆ. ಸಂಕಲ್ಪ ಬಲದ ಬಗೆಗಿನ ನನ್ನ ಮಾತನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ದಿನವೂ ಅದೇ ಹೊತ್ತಿಗೆ ಗುಳಿಗೆ ನುಂಗಿ, ಬೇಳೆಯ ಲೆಕ್ಕವಿಟ್ಟು, ಗೆರೆ ನೋಡಿ ಕಾಲಿಡುವುದಕ್ಕೆ ಸಂಕಲ್ಪವಲ್ಲದೆ ಇನ್ನೇನು ಬೇಕು? ಇನ್ನೊಂದು, ಕಲಬುರಗಿಯಲ್ಲಿ ತತ್ವಪದ ಹಾಡಲು ಕೂಡುವುದಾದರೆ ನಾನು ಬೀಗರನ್ನು ಕರೆತರುತ್ತೇನೆ. ಏಕತಾರಿ ನಮ್ಮದೇ ಇದೆ. ಭಾನುವಾರ ಮುಂಜಾನೆ ಏಳು ಗಂಟೆಗೆ ಅಪ್ಪನ ಕೆರೆಯ ದಂಡೆಯ ಮೇಲೆ ಸೇರಬಹುದೇ?

ನಿವೃತ್ತ ಮುಖ್ಯೋಪಾಧ್ಯಾಯ, ಕಲಬುರಗಿ

ಅಣ್ಣಾ, ಸಂಕಲ್ಪದ ಬಗೆಗೆ ನೀವು ಈಗ ಹೇಳಿದ ರೀತಿಗೆ ನನ್ನ ಒಪ್ಪಿಗೆಯಿದೆ. ಏಳು ಗಂಟೆಗೆ ಮಾತ್ರ ಒಪ್ಪಿಗೆಯಿಲ್ಲ, ಆ ಹೊತ್ತಿಗೆ ನಾನಿನ್ನೂ ಗುಂಡಿಯೊಂದಿಗೆ ಕುಸ್ತಿ ಆಡುತ್ತಿರುತ್ತೇನೆ. ಎಂಟೂವರೆಗೆ ಇಡೋಣ. ಬರುವವರು ತಮ್ಮ ತಮ್ಮ ಗುಳಿಗೆ ಎಷ್ಟು ಹೊತ್ತಿಗೆ ಹಿಡಿಯುತ್ತದೆಂಬುದನ್ನು ಇಲ್ಲಿ ಬರೆದರೆ, ಎಲ್ಲರಿಗೂ ಹೊಂದುವ ಹೊತ್ತನ್ನು ಶನಿವಾರ ಗೊತ್ತುಮಾಡಿ ತಿಳಿಸುತ್ತೇನೆ.